ಉಲ್ಕೆಯ ಜಾಡಿನ ಮೇಲೊಂದು ಬದಲಿ ದಾರಿ

1941ರಲ್ಲಿ, ಬೆಂಗಳೂರಿನಿಂದ ಹೊರಡುತ್ತಿದ್ದ ‘ಎಲೆಕ್ಟ್ರೋಟೆಕ್ನಿಕ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ಬರೆದವರು ದೆಹಲಿಯ ಆಲ್ ಇಂಡಿಯಾ ರೇಡಿಯೋದಲ್ಲಿದ್ದ ಚಮನ್‌ಲಾಲ್ ಮತ್ತು ವೆಂಕಟರಾಮನ್. ವಿಷಯ, ಸಿಳ್ಳೆ ಹಾಕುವ ಉಲ್ಕೆಗಳು. ಶಾರ್ಟ್‌ವೇವ್ ಪ್ರಸಾರಕೇಂದ್ರದ ಸನಿಹದಲ್ಲೇ ರಿಸೀವರ್ ಇಟ್ಟುಕೊಂಡು, ಮಾತು, ಹಾಡು ಏನೂ ಇಲ್ಲದ ಬರಿಯ ವಾಹಕ ತರಂಗಕ್ಕೆ ಕಿವಿಗೊಟ್ಟು ಕೂತರೆ ನಡುನಡುವೆ ಸಣ್ಣದೊಂದು ಸಿಳ್ಳೆ ಕೇಳುತ್ತಿತ್ತು. ಏರುದನಿಯಲ್ಲಿ ಶುರುವಾಗಿ, ಸರ್ರನೆ ಇಳಿದು, ನೋಡನೋಡುತ್ತ ಇಲ್ಲವಾಗುತ್ತಿತ್ತು. ಯಂತ್ರದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಸದ್ದು ಅದು. ಆ ಇಬ್ಬರು ಬಿಡಲಿಲ್ಲ. ಅದು ವಾಯುಮಂಡಲದ ಮೇಲ್ಪದರಕ್ಕೆ ನುಗ್ಗುತ್ತಿರುವ ಉಲ್ಕೆಗೆ ಬಡಿದು ಮರಳಿದ ರೇಡಿಯೋ ಅಲೆಯ ಸದ್ದು ಎಂದು ತೋರಿಸಿಕೊಟ್ಟರು.

ಲೆಕ್ಕ ಕಷ್ಟದ್ದೇನಲ್ಲ. 10 ಮೆಗಾಹರ್ಟ್ಸ್ ಪ್ರಸಾರದ ತರಂಗಾಂತರ 30 ಮೀಟರ್. ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುವ ಉಲ್ಕೆಗೆ ತಾಗಿ ಮರಳಿದ ಅಲೆಯ ಕಂಪನಾಂಕ, ಡಾಪ್ಲರ್ ಪರಿಣಾಮದಿಂದಾಗಿ, ಮೂಲಕ್ಕಿಂತ 2,000 ಹರ್ಟ್ಸ್‌ನಷ್ಟು ಹೆಚ್ಚಿರುತ್ತದೆ. ಪ್ರಸಾರಕೇಂದ್ರದಿಂದ ನೇರವಾಗಿ ಬಂದ ಅಲೆಯೂ ಮೇಲಿನಿಂದ ಮರಳಿದ ಅಲೆಯೂ ರಿಸೀವರಿನಲ್ಲಿ ಕೂಡಿದಾಗ ಆ ವ್ಯತ್ಯಾಸವೇ ಕಿವಿಗೆ ಸಿಳ್ಳೆಯಾಗುತ್ತದೆ. ಉಲ್ಕೆ ನಮಗೆ ಅಡ್ಡಲಾಗಿ ಹಾಯುವ ಕ್ಷಣಕ್ಕೆ, ಅದು ಹತ್ತಿರವಾಗುವ ವೇಗ ಸೊನ್ನೆಗೆ ಇಳಿದಿರುತ್ತದೆ. ಸಿಳ್ಳೆಯೂ ಅಷ್ಟರಲ್ಲಿ ತಗ್ಗಿ ನಿಲ್ಲುತ್ತದೆ. ಆ ಇಳಿದನಿಯಲ್ಲಿ ಉಲ್ಕೆಯ ವೇಗದ ಮಾಹಿತಿಯೇ ಅಡಗಿದೆ.

ಇದಕ್ಕೂ ಎಂಟು ವರ್ಷ ಮುಂಚೆ, 1933ರ ನವೆಂಬರಿನ ಸಿಂಹರಾಶಿಯ ಉಲ್ಕಾವೃಷ್ಟಿಯ ಹೊತ್ತಿನಲ್ಲಿ, ಕಲ್ಕತ್ತದ ಶಿಶಿರ್ ಕುಮಾರ್ ಮಿತ್ರ ಮತ್ತು ಸಂಗಡಿಗರು ಅಯಾನುಗೋಳದ ಮೇಲೆ ಉಲ್ಕೆಗಳ ಪರಿಣಾಮವನ್ನು ಅಳೆದು, ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಉಲ್ಕೆಗಳು ರೇಡಿಯೋ ಅಲೆಗಳ ಹಾದಿಯನ್ನು ಬದಲಿಸಬಹುದೆಂದು ಜಪಾನಿನ ಹಾಂತಾರೋ ನಾಗಾವೋಕ 1929ರಲ್ಲೇ ಹೇಳಿದ್ದರು. ಅಮೆರಿಕದ ಪಿಕಾರ್ಡ್ ಮತ್ತು ಸ್ಕೆಲೆಟ್ 1930ರ ದಶಕದ ಆರಂಭದಲ್ಲಿ ಅದಕ್ಕೆ ಪುರಾವೆ ಕಲೆಹಾಕಿದ್ದರು. ಬ್ರಿಟನ್ನಿನಲ್ಲಿ ಜೇಮ್ಸ್ ಹೇ ಸೇನೆಯ ರೆಡಾರ್‌ಗಳಲ್ಲಿ ಕಂಡ ವಿಚಿತ್ರ ಪ್ರತಿಧ್ವನಿಗಳನ್ನು ಉಲ್ಕೆಗಳದೆಂದು ಗುರುತಿಸಿದ್ದು, ಬರ್ನಾರ್ಡ್ ಲೋವೆಲ್ ಜೋಡ್ರೆಲ್ ಬ್ಯಾಂಕಿನ ಹೊಲದಲ್ಲಿ ಆ ಕೆಲಸ ಮುಂದುವರಿಸಿದ್ದು 1945–46ರಲ್ಲಿ. ಅಂದರೆ ಈ ವಿದ್ಯೆಯ ಮೊದಲ ಸಾಲಿನಲ್ಲೇ ಕಲ್ಕತ್ತ, ದೆಹಲಿ, ಬೆಂಗಳೂರುಗಳ ಹೆಸರಿದೆ. ಆಮೇಲೆ ಅದನ್ನು ಸಂಪರ್ಕಸಾಧನವಾಗಿ ಬೆಳೆಸಿದವರು ಮಾತ್ರ ಬೇರೆಯವರು.

ಹಳೆಯ ಹೆಮ್ಮೆಯನ್ನು ಕೆದಕುವುದಕ್ಕಾಗಿ ಇದನ್ನೆಲ್ಲ ನೆನೆಯುತ್ತಿಲ್ಲ. ದೆಹಲಿಯ ಆರ್.ಕೆ.ಪುರಂ ಬಡಾವಣೆಯ ಸೆಕ್ಟರ್ 1ರಲ್ಲಿ ಸೇವಾ ಭವನವಿದೆ. ಕೇಂದ್ರ ಜಲ ಆಯೋಗದ ಮುಖ್ಯ ಕಚೇರಿ ಅಲ್ಲಿಯೇ. ದೇಶದ ದೊಡ್ಡ ನದಿಗಳು ಎಲ್ಲೆಲ್ಲಿ ಎಷ್ಟೆಷ್ಟು ಏರಿವೆ ಎಂಬ ಲೆಕ್ಕ ಬಂದು ಸೇರುವ ಜಾಗ ಅದು. ಅದೇ ಬಡಾವಣೆಯ ಸೆಕ್ಟರ್ 12ರಲ್ಲಿ, ರಾವ್ ತುಲಾರಾಂ ಮಾರ್ಗದ ಮೇಲೆ, ದೆಹಲಿ ಕರ್ನಾಟಕ ಸಂಘದ ಕಟ್ಟಡ. ಊರಲ್ಲಿ ಮಳೆ ಜೋರಾದರೆ ಇಲ್ಲಿನ ಕನ್ನಡಿಗರು ಫೋನು ಹಿಡಿದು ಕೂರುತ್ತಾರೆ. ಸೇವಾ ಭವನಕ್ಕೂ ಸಂಘಕ್ಕೂ ಸುದ್ದಿ ಬರುವುದು ಒಂದೇ ಬಗೆಯ ದಾರಿಗಳಲ್ಲಿ: ಮೊಬೈಲ್ ಗೋಪುರ, ನೆಲದಡಿಯ ಆಪ್ಟಿಕಲ್ ಫೈಬರ್, ಮೇಲಿನ ಉಪಗ್ರಹ. ಇವುಗಳ ಜೊತೆಗೆ, ಇವು ಯಾವುದರ ಮೇಲೂ ನಿಲ್ಲದ ಮತ್ತೊಂದು ದಾರಿಯನ್ನು ಸರ್ಕಾರ ಗಂಭೀರವಾಗಿ ಪರೀಕ್ಷಿಸಬೇಕು, ಆ ಪರೀಕ್ಷೆ ಆರ್.ಕೆ.ಪುರಂನಲ್ಲೇ ಶುರುವಾಗಬಹುದು ಎಂಬುದು ಈ ಲೇಖನದ ವಾದ.

ದಾರಿ ಹೇಗಿದೆ ನೋಡೋಣ. ಸೂರ್ಯನ ಸುತ್ತ ತಿರುಗುವ ಧೂಳಿನ ಕಣಗಳು, ಮರಳಿನ ಹರಳಿಗಿಂತ ದೊಡ್ಡದಲ್ಲದವೇ ಬಹುಪಾಲು, ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ವಾಯುಮಂಡಲಕ್ಕೆ ಬಂದು ಬೀಳುತ್ತಿರುತ್ತವೆ. ನೆಲದಿಂದ 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ಉರಿಯುವಾಗ ಹಾದಿಯುದ್ದಕ್ಕೂ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಹತ್ತಾರು ಕಿಲೋಮೀಟರ್ ಉದ್ದದ ತೆಳುವಾದ ಜಾಡು ಉಳಿಯುತ್ತದೆ. ಆ ಜಾಡು ಚದುರುವ ಮೊದಲು, ಅಂದರೆ ಸೆಕೆಂಡಿನ ಒಂದು ಪಾಲಿನಿಂದ ಕೆಲವು ಸೆಕೆಂಡುಗಳವರೆಗೆ, 30ರಿಂದ 100 ಮೆಗಾಹರ್ಟ್ಸ್ ನಡುವಿನ ರೇಡಿಯೋ ಅಲೆಗಳನ್ನು ಅದು ಕೆಳಕ್ಕೆ ಮರಳಿಸಬಲ್ಲದು. ಕಣ್ಣಿಗೆ ಕಾಣುವ ಉಲ್ಕೆಗಳು ರಾತ್ರಿಗೆ ಕೆಲವೇ. ರೇಡಿಯೋಗೆ ಸಾಕಾಗುವಷ್ಟು ಜಾಡು ಬಿಡುವ ಕಣಗಳು ಭೂಮಿಯ ಮೇಲೆ ಪ್ರತಿದಿನ ಕೋಟಿಗಟ್ಟಲೆ ಬೀಳುತ್ತವೆ. ಹಗಲು, ಇರುಳು, ಮೋಡ, ಮಂಜು ಯಾವುದೂ ಲೆಕ್ಕಕ್ಕಿಲ್ಲ.

ದೆಹಲಿಗೂ ಬೆಂಗಳೂರಿಗೂ ನೇರ ದೂರ ಸುಮಾರು 1,740 ಕಿಲೋಮೀಟರ್. 100 ಕಿಲೋಮೀಟರ್ ಎತ್ತರದಲ್ಲಿರುವ ಜಾಡನ್ನು ಎರಡೂ ಕಡೆಯವರು ಕಾಣಬೇಕಾದರೆ ಅವರ ನಡುವೆ ಹೆಚ್ಚೆಂದರೆ 2,250 ಕಿಲೋಮೀಟರ್ ಇರಬಹುದು; ಭೂಮಿಯ ಬಾಗು ಅದಕ್ಕಿಂತ ಹೆಚ್ಚಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಈ ಎರಡು ಊರುಗಳು ಮಿತಿಯೊಳಗೇ ಇವೆ. ನಡುಬಿಂದು ಬೀಳುವುದು ವಿದರ್ಭದ ಅಕೋಲಾ, ಅಮರಾವತಿಗಳ ಸುತ್ತಮುತ್ತ. ಆ ಹತ್ತಿ ಬೆಳೆಯುವ ಸೀಮೆಯ ಮೇಲೆ, ನೂರು ಕಿಲೋಮೀಟರ್ ಎತ್ತರದಲ್ಲಿ, ಸರಿಯಾದ ಕೋನದಲ್ಲಿ ಒಂದು ಕಣ ಉರಿದರೆ ಬೆಂಗಳೂರಿನ ಅಲೆ ಆರ್.ಕೆ.ಪುರಂಗೆ ಬಂದಿಳಿಯುತ್ತದೆ. ಆಂಟೆನಾ ದಿಗಂತದಿಂದ ಮೂರು ಡಿಗ್ರಿಗಿಂತಲೂ ಕಡಿಮೆ ಮೇಲಕ್ಕೆ, ನೇರ ದಕ್ಷಿಣಕ್ಕೆ ಮುಖ ಮಾಡಿರಬೇಕು. ಇಂಥ ಓರೆಯಾದ ಹಾದಿಯಲ್ಲಿ ಒಂದು ಅನುಕೂಲವೂ ಇದೆ: ನೆತ್ತಿಯ ಮೇಲಿನ ಜಾಡಿಗಿಂತ ದೂರದ ಜಾಡು ಹೆಚ್ಚು ಹೊತ್ತು ಅಲೆಯನ್ನು ಮರಳಿಸುತ್ತದೆ.

ಬೆಂಗಳೂರು ಆಕಾಶವಾಣಿಯ ‘ಕಾಮನಬಿಲ್ಲು’ 101.3 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ದೆಹಲಿಯಲ್ಲಿ ಅದೇ ಜಾಗಕ್ಕೆ ಟ್ಯೂನ್ ಮಾಡಿ, ಉತ್ತಮ ಯಾಗಿ ಆಂಟೆನಾ ಜೋಡಿಸಿ, ಹತ್ತಿರದ ಕೇಂದ್ರಗಳ ಅಡಚಣೆಯಿಲ್ಲದ ಕಡೆ ಕೂತರೆ, ಬರಿಯ ಶಿಳಿಶಿಳಿ ಸದ್ದಿನ ನಡುವೆ ಅರ್ಧ ಪದ, ಹಾಡಿನ ಒಂದು ತುಣುಕು ಇದ್ದಕ್ಕಿದ್ದಂತೆ ಮೇಲೆದ್ದು ಮುಳುಗಬಹುದು. ತಟ್ಟನೆ ಏರಿ ಮೆಲ್ಲಗೆ ಕರಗುವುದು ಉಲ್ಕೆಯ ಜಾಡಿನ ಗುರುತು. ಆರ್.ಕೆ.ಪುರಂ ಪಾಲಂ ವಿಮಾನ ನಿಲ್ದಾಣಕ್ಕೆ ಹತ್ತಿರ; ವಿಮಾನಗಳೂ ಅಲೆಗಳನ್ನು ಮರಳಿಸುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಮರಳಿಸುತ್ತವೆ. ಆದರೆ ವಿಮಾನ ಹಾರುವುದು 10 ಕಿಲೋಮೀಟರ್ ಎತ್ತರದಲ್ಲಿ. ಅದರ ಮೂಲಕ 700–800 ಕಿಲೋಮೀಟರಿನ ಆಚೆಯ ಕೇಂದ್ರ ಕೇಳಿಸದು. ಅದರ ಸದ್ದು ಎಷ್ಟೋ ಸೆಕೆಂಡುಗಳ ಕಾಲ ತೂಗುತ್ತ ಸಾಗುತ್ತದೆ. ಬೇಸಿಗೆಯಲ್ಲಿ ಅಯಾನುಗೋಳದ ಇ ಪದರ ಅಲ್ಲಲ್ಲಿ ದಟ್ಟವಾದಾಗ ದೂರದ ಎಫ್‌ಎಂ ಕೇಂದ್ರ ಗಂಟೆಗಟ್ಟಲೆ ಕೇಳಿಸುವುದುಂಟು, ಅದೂ ಬೇರೆ. ಈ ಮೂರನ್ನೂ ಕಿವಿಯಲ್ಲೇ ವಿಂಗಡಿಸಲು ಕಲಿಯಬಹುದು.

ಇಂಥ ತುಣುಕುಗಳಿಂದ ಏನು ಉಪಯೋಗ? ಮಾತಾಡುವುದಕ್ಕೆ ಉಪಯೋಗವಿಲ್ಲ, ನಿಜ. 1950ರ ದಶಕದಲ್ಲಿ ಕೆನಡಾದ ರಕ್ಷಣಾ ಸಂಶೋಧಕರು ಈ ತೊಡಕನ್ನು ಬೇರೊಂದು ಕಡೆಯಿಂದ ನೋಡಿದರು. ಸಂದೇಶವನ್ನು ಯಂತ್ರದಲ್ಲಿ ಕೂಡಿಟ್ಟು, ದಾರಿ ತೆರೆದ ಕ್ಷಣಕ್ಕೆ ರಭಸವಾಗಿ ಸುರಿದು, ದಾರಿ ಮುಚ್ಚಿದೊಡನೆ ನಿಲ್ಲಿಸಿ, ಮುಂದಿನ ಉಲ್ಕೆಗೆ ಕಾಯುವುದು. ಜಾನೆಟ್ ಎಂಬ ಹೆಸರಿನ ಆ ವ್ಯವಸ್ಥೆ ಟೆಲಿಪ್ರಿಂಟರ್ ಸಂದೇಶಗಳನ್ನು ಸಾಗಿಸಿತು. 1960ರ ದಶಕದಲ್ಲಿ ನೇಟೋ ಕೂಟ ಕಾಮೆಟ್ ಎಂಬ ಹೆಸರಿನಲ್ಲಿ ನೆದರ್ಲೆಂಡ್ಸಿಗೂ ದಕ್ಷಿಣ ಫ್ರಾನ್ಸಿಗೂ ನಡುವೆ ಇಂಥದೇ ಕೊಂಡಿ ಕಟ್ಟಿತು. ತಪ್ಪಾಗಿ ತಲುಪಿದ ತುಂಡನ್ನು ಮತ್ತೆ ಕೇಳಿ ಪಡೆಯುವ ಏರ್ಪಾಡು ಅದರಲ್ಲಿತ್ತು. ಸೇನೆಗಳ ಕಣ್ಣು ಇದರ ಮೇಲೆ ಬೀಳಲು ಕಾರಣ ಎರಡು. ಒಂದು, ಜಾಡಿನಿಂದ ಮರಳಿದ ಅಲೆ ನೆಲದ ಮೇಲೆ ಬೀಳುವ ಜಾಗ ಚಿಕ್ಕದು, ಹಾಗಾಗಿ ದೆಹಲಿಯಲ್ಲಿ ಕೇಳಿದ್ದು ಜೈಪುರದಲ್ಲಿ ಕೇಳಿಸದಿರಬಹುದು; ಕದ್ದು ಕೇಳುವುದು ಕಷ್ಟ. ಇನ್ನೊಂದು, ಅಯಾನುಗೋಳ ಕದಡಿ ಶಾರ್ಟ್‌ವೇವ್ ಸತ್ತಾಗಲೂ ಉಲ್ಕೆಗಳು ಬೀಳುವುದು ನಿಲ್ಲುವುದಿಲ್ಲ.

ಆದರೆ ಸೇವಾ ಭವನಕ್ಕೆ ಪಾಠವಾಗಬೇಕಾದ ಉದಾಹರಣೆ ಸೇನೆಯದಲ್ಲ, ಅಮೆರಿಕದ ಕೃಷಿ ಇಲಾಖೆಯದು. ಅಲ್ಲಿನ ಪಶ್ಚಿಮ ರಾಜ್ಯಗಳ ಹೊಲಗಳಿಗೆ ಬೇಸಿಗೆಯಲ್ಲಿ ನೀರು ಬರುವುದು ಬೆಟ್ಟದ ಹಿಮ ಕರಗಿ. ಹಿಮ ಎಷ್ಟು ಬಿದ್ದಿದೆ ಎಂದು ತಿಳಿಯದೆ ನೀರಿನ ಹಂಚಿಕೆ ಸಾಧ್ಯವಿಲ್ಲ. 1970ರ ದಶಕದ ಕೊನೆಯಲ್ಲಿ ಇಲಾಖೆ ಸ್ನೋಟೆಲ್ ಎಂಬ ಜಾಲ ಹೂಡಿತು. ರಸ್ತೆಯೇ ಇಲ್ಲದ ಕಣಿವೆಗಳಲ್ಲಿ ಹಿಮದ ತೂಕ ಅಳೆಯುವ ದಿಂಬು, ಮಳೆಮಾಪಕ, ಉಷ್ಣಮಾಪಕ, ಸೌರಫಲಕದಿಂದ ತುಂಬಿಕೊಳ್ಳುವ ಬ್ಯಾಟರಿ, ಒಂದು ಆಂಟೆನಾ. ಐಡಾಹೊದ ಬಾಯ್ಸಿ ಮತ್ತು ಯೂಟಾದ ಆಗ್ಡೆನ್‌ಗಳಲ್ಲಿದ್ದ ಎರಡು ಮುಖ್ಯ ಕೇಂದ್ರಗಳು 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಎಡೆಬಿಡದೆ ಕರೆಯುತ್ತಿದ್ದವು. ಸರಿಯಾದ ಕಡೆ ಉಲ್ಕೆ ಉರಿದು ಕರೆ ತಲುಪಿದೊಡನೆ ಬೆಟ್ಟದ ಮೇಲಿನ ಯಂತ್ರ ತನ್ನ ಅಂಕಿಗಳನ್ನು ಒದರಿ, ತಲುಪಿತೆಂಬ ಉತ್ತರ ಪಡೆದು, ಸುಮ್ಮನಾಗುತ್ತಿತ್ತು. ನೂರಾರು ಕೇಂದ್ರಗಳು ದಶಕಗಳ ಕಾಲ ಹೀಗೇ ನಡೆದವು. ಬೆಟ್ಟಕ್ಕೆ ಗೋಪುರವಿಲ್ಲ, ತಂತಿಯಿಲ್ಲ, ಬಾಡಿಗೆ ಉಪಗ್ರಹವಿಲ್ಲ.

ನದಿಯ ಮಟ್ಟ ಅಳೆಯುವ ಒಂದು ಕೇಂದ್ರ ಹೇಳಬೇಕಾದದ್ದು ಎಷ್ಟು? ತನ್ನ ಸಂಖ್ಯೆ, ಸಮಯ, ನೀರಿನ ಮಟ್ಟ, ಮಳೆ, ಬ್ಯಾಟರಿಯ ಸ್ಥಿತಿ, ತಪ್ಪು ಹಿಡಿಯಲು ಬೇಕಾದ ಕೆಲವು ಅಂಕಿ. ಎಲ್ಲ ಸೇರಿ 200 ಬಿಟ್ ಸಾಕು. ಸೆಕೆಂಡಿಗೆ 4,000 ಬಿಟ್ ವೇಗದಲ್ಲಿ ಕಳಿಸಿದರೆ ಅದಕ್ಕೆ ತಗಲುವುದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು. ಅದರ ಮೂರು ನಾಲ್ಕು ಪಟ್ಟು ಹೊತ್ತು ಬಾಳುವ ಸಾಧಾರಣ ಜಾಡಿನಲ್ಲಿ ಕರೆ, ಉತ್ತರ, ರಸೀದಿ ಮೂರೂ ಮುಗಿಯುತ್ತವೆ. ಇಡೀ ಪ್ರವಾಹ ಮುನ್ಸೂಚನೆಯ ಬುಡದಲ್ಲಿರುವುದು ಇಂಥ ಪುಟ್ಟ ಪುಟ್ಟ ಅಂಕಿಗಳೇ. ಅವುಗಳಿಗೆ ಅಗಲವಾದ ಹೆದ್ದಾರಿ ಬೇಕಿಲ್ಲ. ಕಡಿಯದ ಕಾಲುದಾರಿ ಸಾಕು.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮಡಿಕೇರಿ ಸುತ್ತಿನ ಮಕ್ಕಂದೂರು, ಜೋಡುಪಾಲದಂಥ ಊರುಗಳಿಗೆ ರಸ್ತೆ ಹೋಯಿತು, ವಿದ್ಯುತ್ ಹೋಯಿತು, ಫೋನೂ ಹೋಯಿತು. ಕರ್ನಾಟಕದಲ್ಲಿ ಮಳೆ ಅಳೆಯುವ ವ್ಯವಸ್ಥೆ ದೇಶದಲ್ಲೇ ಮೆಚ್ಚಬೇಕಾದದ್ದು: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಆ ಲೆಕ್ಕ ಬರುವುದು ಮೊಬೈಲ್ ಜಾಲದ ಮೇಲೆ. ಮಳೆ ಅತಿಯಾದಾಗ ಮೊದಲು ಸೋಲುವುದೂ ಅದೇ. ಗೋಪುರದ ಬ್ಯಾಟರಿ ಬರಿದಾಗುತ್ತದೆ, ಡೀಸೆಲ್ ಒಯ್ಯಲು ದಾರಿಯಿರುವುದಿಲ್ಲ, ಗುಡ್ಡ ಜಾರಿ ಕೇಬಲ್ ತುಂಡಾಗುತ್ತದೆ. ಅಂಕಿಗಳು ತೀರ ಬೇಕಾದ ದಿನವೇ ಅಂಕಿ ನಿಂತರೆ ಮಳೆಮಾಪಕ ಇದ್ದೂ ಪ್ರಯೋಜನವಿಲ್ಲ.

2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಮಿನ ಸೌತ್ ಲೋನಾಕ್ ಹಿಮಸರೋವರ ಒಡೆಯಿತು. ತೀಸ್ತಾ ಉಕ್ಕಿಬಂದು ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವ್ಯಾಟ್ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಚುಂಗ್‌ಥಾಂಗ್ ದೆಹಲಿಯಿಂದ ನೇರವಾಗಿ 1,100 ಕಿಲೋಮೀಟರ್ ಆಸುಪಾಸು, ಉಲ್ಕೆಯ ಜಾಡಿಗೆ ಹೇಳಿ ಮಾಡಿಸಿದಂಥ ದೂರ. ಹಾಗೆಂದು ಉಲ್ಕೆಗಳು ಅಂದು ಜನರನ್ನು ಉಳಿಸುತ್ತಿದ್ದವು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸರೋವರ ಒಡೆದಾಗ ಎಣಿಕೆಗೆ ಬರುವುದು ನಿಮಿಷಗಳು. ಮುಂದಿನ ಉಲ್ಕೆಗೆ ಕಾಯುವುದಕ್ಕೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೇಲಾಗಿ ಅದು ನಡುರಾತ್ರಿಗೆ ಮುಂಚಿನ ಹೊತ್ತು. ಉಲ್ಕೆಗಳು ವಿರಳವಾಗಿರುವ ಹೊತ್ತಿನಿಂದ ಹೆಚ್ಚು ದೂರವಿಲ್ಲದ ಸಮಯ. ಕಣಿವೆಯ ಕೆಳಗಿನ ಊರಿಗೆ ಸೈರನ್ ಕೂಗಿಸಲು ಅಲ್ಲೇ ನಾಲ್ಕಾರು ಕಿಲೋಮೀಟರಿನ ನೇರ ರೇಡಿಯೋ ಕೊಂಡಿ ಬೇಕು. ಉಲ್ಕೆಯ ದಾರಿ ಸಲ್ಲುವುದು ಬೇರೆ ಕೆಲಸಕ್ಕೆ: ಮರುದಿನ ಗೋಪುರಗಳೆಲ್ಲ ಬಿದ್ದಿರುವಾಗ, ಮೇಲಿನ ಕಣಿವೆಯಲ್ಲಿ ಉಳಿದಿರುವ ಮಾಪಕ ಇನ್ನೂ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ದೆಹಲಿಗೆ ಹೇಳುವುದಕ್ಕೆ. ಹತ್ತು ಹದಿನೈದು ನಿಮಿಷ ತಡವಾದರೂ ನಡೆಯುತ್ತದೆ, ಕಳೆದುಹೋಗಬಾರದು ಎಂಬಂಥ ಮಾಹಿತಿ ಅದು.

ಬೆಳಗಿನ ಜಾವಕ್ಕೂ ಸಂಜೆಗೂ ಉಲ್ಕೆಗಳ ಸಂಖ್ಯೆಯಲ್ಲಿರುವ ವ್ಯತ್ಯಾಸವನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಮಳೆಯಲ್ಲಿ ಸ್ಕೂಟರ್ ಓಡಿಸುವವನ ಎದೆ ನೆನೆದಷ್ಟು ಬೆನ್ನು ನೆನೆಯುವುದಿಲ್ಲ. ಭೂಮಿಯೂ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸೂರ್ಯನ ಸುತ್ತ ಓಡುತ್ತಿದೆ. ಬೆಳಗಿನ ಆರರ ಸುಮಾರಿಗೆ ನಾವಿರುವ ಭಾಗ ಆ ಓಟದ ಮುಂಬದಿಯಲ್ಲಿರುತ್ತದೆ, ಸಂಜೆ ಆರರ ಸುಮಾರಿಗೆ ಹಿಂಬದಿಯಲ್ಲಿ. ಬೆಳಗ್ಗೆ ಸಿಗುವ ಉಲ್ಕೆಗಳು ಸಂಜೆಯದಕ್ಕಿಂತ ಮೂರು ನಾಲ್ಕು ಪಟ್ಟು. ವರ್ಷದ ಲೆಕ್ಕದಲ್ಲಿ ಫೆಬ್ರವರಿ ಬಡವಾದ ತಿಂಗಳು, ಜುಲೈ, ಆಗಸ್ಟ್ ಸಮೃದ್ಧ. ಹಾಗಾಗಿ ಮಳೆಗಾಲ, ಅಂದರೆ ಜಲ ಆಯೋಗದವರಿಗೆ ನಿದ್ದೆಯಿಲ್ಲದ ಕಾಲ, ಈ ದಾರಿಗೆ ಒಳ್ಳೆಯ ಕಾಲವೂ ಹೌದು. ಹವಾಮಾನಕ್ಕೂ ಧೂಮಕೇತುಗಳ ಧೂಳಿಗೂ ಸಂಬಂಧವೇನೂ ಇಲ್ಲ. ಆದರೂ ನಮ್ಮ ದೇಶದ ಮಟ್ಟಿಗೆ ಈ ಕಾಕತಾಳೀಯ ಉಪಯುಕ್ತ.

ಈ ವಾದಕ್ಕೆ ಎದುರು ಬರುವ ಮಾತುಗಳಲ್ಲಿ ಗಟ್ಟಿಯಾದದ್ದು ಸ್ನೋಟೆಲ್‌ನದೇ. ಇತ್ತೀಚಿನ ವರ್ಷಗಳಲ್ಲಿ ಆ ಜಾಲವೇ ಉಲ್ಕೆಗಳನ್ನು ಬಿಟ್ಟು ಮೊಬೈಲ್ ಮತ್ತು ಉಪಗ್ರಹಗಳಿಗೆ ಹೊರಳಿತು. ಹಳೆಯ ಯಂತ್ರಗಳನ್ನು ದುರಸ್ತಿಯಲ್ಲಿಡುವುದಕ್ಕಿಂತ ಉಪಗ್ರಹ ಮೋಡೆಮ್ ಕೊಳ್ಳುವುದು ಸುಲಭವಾದ ಕಾಲ ಇದು. ದಶಕಗಳ ಕಾಲ ಬಳಸಿದವರೇ ಬಿಟ್ಟದ್ದನ್ನು ನಾವೇಕೆ ಹಿಡಿಯಬೇಕು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾಗದು. ದಿನನಿತ್ಯದ ಮುಖ್ಯದಾರಿಯಾಗಿ ಉಪಗ್ರಹವೇ ಮೇಲು ಎಂದು ಒಪ್ಪಿಕೊಳ್ಳಬೇಕು. ಅಗ್ಗ ಎಂಬ ಕಾರಣಕ್ಕೆ ಉಲ್ಕೆಯನ್ನು ಆರಿಸುವ ಕಾಲ ಮುಗಿದಿದೆ. ಉಳಿದಿರುವ ಕಾರಣ ಒಂದೇ, ಆದರೆ ದೊಡ್ಡದು: ಮುಖ್ಯದಾರಿ ಯಾವ ಕಾರಣಕ್ಕೆ ಮುರಿಯುತ್ತದೋ ಅದೇ ಕಾರಣಕ್ಕೆ ಬದಲಿ ದಾರಿಯೂ ಮುರಿಯಬಾರದು. ಒಂದು ಉಪಗ್ರಹಕ್ಕೆ ಮತ್ತೊಂದು ಉಪಗ್ರಹ ಬದಲಿಯಾದರೆ ಎರಡನ್ನೂ ಒಂದೇ ಸೌರಬಿರುಗಾಳಿ ಬಾಧಿಸಬಹುದು. 2022ರ ಫೆಬ್ರವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಅಂಥದೊಂದು ಬಿರುಗಾಳಿಗೆ ಸಿಕ್ಕಿ ಉರುಳಿದವು. 2024ರ ಮೇ 10–11ರ ಬಿರುಗಾಳಿ ಎಷ್ಟು ಜೋರಾಗಿತ್ತೆಂದರೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಧ್ರುವಪ್ರಭೆಯ ಕೆಂಪು ಸೆರೆಯಾಯಿತು. ಉಪಗ್ರಹ ಪರದೇಶದ ಕಂಪನಿಯದಾದರೆ ಅದನ್ನು ಮುಚ್ಚುವ ಗುಂಡಿಯೂ ಪರದೇಶದಲ್ಲಿರುತ್ತದೆ. ಅಕೋಲಾದ ಮೇಲೆ ಉರಿಯುವ ಧೂಳಿಗೆ ಒಡೆಯರಿಲ್ಲ.

ಎರಡನೆಯ ಆಕ್ಷೇಪ ಸದ್ದಿನದು. 40–50 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಗರ ಬಹಳ ಗದ್ದಲದ ಜಾಗ. ಎಲ್‌ಇಡಿ ದೀಪ, ಇನ್ವರ್ಟರ್, ಲಿಫ್ಟಿನ ಮೋಟಾರು, ಅಗ್ಗದ ಚಾರ್ಜರ್, ಬಿರುಕುಬಿಟ್ಟ ವಿದ್ಯುತ್ ಇನ್ಸುಲೇಟರ್ ಎಲ್ಲವೂ ರೇಡಿಯೋ ಕಸ ಚೆಲ್ಲುತ್ತವೆ. ಸರ್ಕಾರಿ ಕ್ವಾರ್ಟರ್ಸ್, ಕಚೇರಿಗಳು ಒತ್ತೊತ್ತಾಗಿರುವ ಆರ್.ಕೆ.ಪುರಂನಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಮಲೈ ಮಂದಿರದ ಗುಡ್ಡ ಬಿಟ್ಟರೆ ಇಲ್ಲಿ ದಕ್ಷಿಣದ ದಿಗಂತ ಕಾಣುವಂಥ ಎತ್ತರವೂ ಕಡಿಮೆ. ನಿಜವಾದ ಜಾಲ ಕಟ್ಟುವುದಾದರೆ ಮುಖ್ಯ ಕೇಂದ್ರವನ್ನು ನಗರದಾಚೆ, ಅರಾವಳಿಯ ಮೌನವಿರುವ ಕಡೆ ಇಟ್ಟು ಅಲ್ಲಿಂದ ಸೇವಾ ಭವನಕ್ಕೆ ಮೈಕ್ರೋವೇವ್ ಕೊಂಡಿ ಎಳೆಯಬೇಕು. ಮಳೆಮಾಪಕದ ತುದಿಯಲ್ಲಿ ಮಾತ್ರ ಈ ಕಷ್ಟವಿಲ್ಲ. ಬೆಟ್ಟದ ಕಾಡಿನಲ್ಲಿ ಗದ್ದಲ ಮಾಡುವವರು ಯಾರೂ ಇಲ್ಲ.

ಭಾರತದಲ್ಲಿ ಈ ಭೌತಶಾಸ್ತ್ರ ಬಲ್ಲವರಿಗೇನೂ ಕೊರತೆಯಿಲ್ಲ. ತಿರುವನಂತಪುರದ ಥುಂಬಾದಲ್ಲಿ 2004ರಿಂದ 35.25 ಮೆಗಾಹರ್ಟ್ಸ್‌ನ ಉಲ್ಕಾ ರೆಡಾರ್ ಇದೆ. ಜಾಡುಗಳು ಗಾಳಿಯಲ್ಲಿ ತೇಲುವುದನ್ನು ಗಮನಿಸಿ 80–100 ಕಿಲೋಮೀಟರ್ ಎತ್ತರದ ಗಾಳಿಯ ವೇಗವನ್ನು ಅದು ಅಳೆಯುತ್ತದೆ. ತಿರುಪತಿ ಬಳಿಯ ಗಾದಂಕಿಯಲ್ಲಿ 53 ಮೆಗಾಹರ್ಟ್ಸ್‌ನ ದೊಡ್ಡ ರೆಡಾರ್ ಇದೆ. ಶಿಶಿರ್ ಮಿತ್ರರ ಶಿಷ್ಯ ಎ.ಪಿ. ಮಿತ್ರ 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೇಡಿಯೋ ವಿಜ್ಞಾನದ ಗಟ್ಟಿ ನೆಲೆ ಕಟ್ಟಿದರು. ಅಂದರೆ ನಮ್ಮ ಮೇಲೆ ಯಾವ ಎತ್ತರದಲ್ಲಿ, ಯಾವ ಗಂಟೆಯಲ್ಲಿ, ಯಾವ ತಿಂಗಳಲ್ಲಿ ಎಷ್ಟು ಉಲ್ಕೆ ಬೀಳುತ್ತವೆ ಎಂಬ ಅಂಕಿಅಂಶ ವಿಜ್ಞಾನಿಗಳ ಬಳಿ ಇದೆ. ಅದು ಸಂಶೋಧನಾ ಪ್ರಬಂಧಗಳಲ್ಲಿ ಮಡಿಚಿಕೊಂಡಿದೆ. ಪ್ರವಾಹದ ಕಡತದವರೆಗೆ ಬಂದಿಲ್ಲ. ಒಂದು ಸಚಿವಾಲಯದ ತಿಳಿವಳಿಕೆ ಮತ್ತೊಂದು ಸಚಿವಾಲಯದ ತುರ್ತಿಗೆ ತಲುಪದಿರುವುದು ನಮ್ಮಲ್ಲಿ ಹಳೆಯ ರೋಗ, ಅದಕ್ಕೆ ಮದ್ದು ಮಾಡಬೇಕಾದ ಕಾಲ ಮೀರಿದೆ.

ಇಲ್ಲಿಯೇ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರ, ಮಾತು ಬರಬೇಕು. 1954ರಲ್ಲಿ ಅಮೆರಿಕದ ಪಾಲ್ ವಿಲ್ಸನ್ ಮತ್ತು ರಾಲ್ಫ್ ಥಾಮಸ್ ಎಂಬ ಇಬ್ಬರು ಹವ್ಯಾಸಿಗಳು 144 ಮೆಗಾಹರ್ಟ್ಸ್‌ನಲ್ಲಿ ಉಲ್ಕೆಯ ಜಾಡಿನ ಮೇಲೆ ಮೊದಲ ಪೂರ್ಣ ಸಂಪರ್ಕ ಸಾಧಿಸಿದರು. ಜೋಡಿ ಪಲ್ಸಾರ್ ಕುರಿತ ಕೆಲಸಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರು 2001ರಲ್ಲಿ ಬರೆದು ಪುಕ್ಕಟೆ ಹಂಚಿದ ತಂತ್ರಾಂಶದಿಂದಾಗಿ ಕಿವಿಗೆ ಟಿಕ್ಕೆಂದಷ್ಟೇ ಕೇಳುವ ಸದ್ದಿನಿಂದಲೂ ಸಂದೇಶ ಹೆಕ್ಕುವುದು ಸಾಧ್ಯವಾಯಿತು. ಅದರ ಇತ್ತೀಚಿನ ವಿಧಾನದಲ್ಲಿ ಒಂದು ಪೂರ್ತಿ ಸಂದೇಶ 72 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ಲ್ಯಾಪ್‌ಟಾಪ್, 100 ವ್ಯಾಟಿನ ಟ್ರಾನ್ಸ್‌ಸೀವರ್, ಐದು ಕಡ್ಡಿಯ ಯಾಗಿ ಆಂಟೆನಾ ಇದ್ದರೆ ಕೆಲಸ ಶುರು. ಭಾರತದಲ್ಲಿ ಹ್ಯಾಮ್‌ಗಳಿಗೆ 50 ಮತ್ತು 144 ಮೆಗಾಹರ್ಟ್ಸ್ ಪಟ್ಟಿಗಳು ತೆರೆದಿವೆ. ಪರವಾನಗಿ ಪರೀಕ್ಷೆಗೆ ಕೂರಲು 12 ವರ್ಷ ತುಂಬಿದ್ದರೆ ಸಾಕು.

2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಹೊರಜಗತ್ತಿನಿಂದ ಕಡಿದುಹಾಕಿದಾಗ, ಬೇರೆ ಕೆಲಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗ ಹ್ಯಾಮ್‌ಗಳು ಶಾರ್ಟ್‌ವೇವ್ ಮೇಲೆ ಸಾವಿರಾರು ಕುಟುಂಬಗಳ ಕ್ಷೇಮಸಮಾಚಾರ ಮುಟ್ಟಿಸಿದರು. ಮರುವರ್ಷ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹವ್ಯಾಸಿಗಳಿಗೆಂದೇ ಬೆಂಗಳೂರಿನಲ್ಲಿ ತಯಾರಾದದ್ದು, 2014ರವರೆಗೆ ದುಡಿಯಿತು. ಅದರ ಬ್ಯಾಟರಿ ಸೋತ ದಿನ ಆ ದಾರಿ ಮುಚ್ಚಿತು. ಸರ್ಕಾರವೂ ಹವ್ಯಾಸಿಗಳೂ ಕೈಜೋಡಿಸಿದರೆ ಏನಾಗುತ್ತದೆಂಬುದಕ್ಕೆ ಈ ಎರಡು ಘಟನೆಗಳೇ ಸಾಕ್ಷಿ.

ಹಾಗಾಗಿ ಮೊದಲ ಹೆಜ್ಜೆ ದುಬಾರಿಯದಾಗಬೇಕಿಲ್ಲ. ಕರ್ನಾಟಕ ಸಂಘದಂಥ ಕಟ್ಟಡದ ತಾರಸಿಯ ಮೇಲೆ, ಪರವಾನಗಿಯಿರುವ ಹ್ಯಾಮ್ ಒಬ್ಬರ ಹೊಣೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ 50 ಮೆಗಾಹರ್ಟ್ಸ್ ಆಂಟೆನಾ ಒಂದು ಸಾಕು. ಬೆಂಗಳೂರಿನ ಕಡೆ ಅಂಥದೇ ಇನ್ನೊಂದು. ದೆಹಲಿಯ ಕನ್ನಡ ಮಕ್ಕಳಿಗೆ ಇದರಲ್ಲಿ ಬೇರೆಯದೇ ಲಾಭವಿದೆ. ಡಿಸೆಂಬರ್ 13–14ರ ಮಿಥುನ ರಾಶಿಯ ಉಲ್ಕಾವೃಷ್ಟಿ ವರ್ಷದ ಅತಿ ಸಮೃದ್ಧವಾದವುಗಳಲ್ಲಿ ಒಂದು. ಆ ಹೊತ್ತಿಗೆ ದೆಹಲಿಯ ಮೇಲೆ ಹೊಗೆಮಂಜು ಕವಿದಿರುತ್ತದೆ; ಬೀಳುವ ಚುಕ್ಕಿ ಹಾಗಿರಲಿ, ಇದ್ದಲ್ಲೇ ಇರುವ ಚುಕ್ಕಿಯೂ ಕಾಣದು. ರೇಡಿಯೋ ಅಲೆಗೆ ಆ ಹೊಗೆ ಅಡ್ಡಿಯೇ ಅಲ್ಲ. ಈ ಮಹಾನಗರದಲ್ಲಿ ಬೆಳೆಯುವ ಮಗುವಿಗೆ ಆಕಾಶವನ್ನು ಕೊಂಚವಾದರೂ ಮರಳಿ ಕೊಡುವ ಸಾಧನ ಅದು. ಪರದೆಯ ಮೇಲೆ ಒಂದೊಂದೇ ಗೆರೆ ಮಿಂಚುವುದನ್ನು ಗಂಟೆಗಟ್ಟಲೆ ಎಣಿಸಿ, ಮುಂಜಾನೆಗೂ ಮುಸ್ಸಂಜೆಗೂ ಇರುವ ಅಂತರವನ್ನು ತಾನೇ ಕಂಡುಕೊಂಡ ಹುಡುಗಿಗೆ ಭೂಮಿ ಸುತ್ತುತ್ತಿದೆ ಎಂಬುದಕ್ಕೆ ಪಠ್ಯಪುಸ್ತಕದ ಚಿತ್ರ ಬೇಕಾಗುವುದಿಲ್ಲ.

ಹ್ಯಾಮ್ ಪರವಾನಗಿ ಕಲಿಕೆಗೆ, ಪ್ರಯೋಗಕ್ಕೆ ಇರುವಂಥದು. ಜಲ ಆಯೋಗದ ದೈನಂದಿನ ಅಂಕಿಗಳನ್ನು ಅದರಲ್ಲಿ ಸಾಗಿಸುವಂತಿಲ್ಲ. ಎರಡನೆಯ ಹಂತಕ್ಕೆ ಆಯೋಗವೇ ದೂರಸಂಪರ್ಕ ಇಲಾಖೆಯಿಂದ 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಕಿರಿದಾದ ಜಾಗ ಕೇಳಿ ಪಡೆಯಬೇಕು. ತೀಸ್ತಾ ಕಣಿವೆಯಲ್ಲೊಂದು, ತಲಕಾವೇರಿಯ ಬಳಿಯಲ್ಲೊಂದು, ಈಗಾಗಲೇ ಇರುವ ಮಾಪಕಗಳ ಪಕ್ಕದಲ್ಲೇ ಈ ಯಂತ್ರ ಜೋಡಿಸಿ ಎರಡು ಮಳೆಗಾಲ, ಅವುಗಳ ನಡುವಿನ ಬಡ ಫೆಬ್ರವರಿ ಸೇರಿದಂತೆ, ನಡೆಸಬೇಕು. ತಲಕಾವೇರಿ ದೆಹಲಿಯಿಂದ 1,800 ಕಿಲೋಮೀಟರ್ ಮೇಲಿದೆ, ಮಿತಿಯ ಅಂಚಿಗೆ ಸಮೀಪ. ತೀಸ್ತಾ ಮಧ್ಯಮ ದೂರ. ಎರಡರ ಹೋಲಿಕೆಯಿಂದಲೇ ಬಹಳಷ್ಟು ತಿಳಿಯುತ್ತದೆ. ಪ್ರತಿ ಗಂಟೆ ಎಷ್ಟು ಸಂದೇಶ ದಾಟಿದವು, ಅತಿ ಹೆಚ್ಚು ಕಾದದ್ದು ಎಷ್ಟು ಹೊತ್ತು, ಮೊಬೈಲ್ ಜಾಲ ಸತ್ತ ದಿನ ಉಲ್ಕೆಯ ದಾರಿ ನಡೆಯಿತೇ ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ಸಂಜೆಯ ಹೊತ್ತಿನಲ್ಲೂ ಕಾಯುವಿಕೆ ಕಾಲು ಗಂಟೆ ಮೀರದಿದ್ದರೆ, ಗೋಪುರವಿಲ್ಲದ ಹಿಮಾಲಯದ ಕಣಿವೆಗಳ ಮಾಪಕಗಳಿಗೆಲ್ಲ ಅದನ್ನು ಬದಲಿ ದಾರಿಯಾಗಿ ಕೊಡಬೇಕು. ಗಂಟೆಗಟ್ಟಲೆ ಕಾಯಬೇಕಾಗಿ ಬಂದರೆ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿ, ಆ ಹಣವನ್ನು ಕಣಿವೆಗಳ ಸೈರನ್ ಕೊಂಡಿಗಳಿಗೆ ಹಾಕಬೇಕು.